ಗಡಿನಾಡಿನ ಸಮಾಜ ಕಾರ್ಯಕರ್ತರಿಗೆ ಕನ್ನಡದಲ್ಲೇ ಮಾರ್ಗದರ್ಶನ ಸಿಗಲಿ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಉತ್ತರದ ಪಂಚಾಯತುಗಳಲ್ಲಿ ಒಂಬತ್ತು ವರ್ಷಗಳಿಂದ ಸಮಾಜ ಕಾರ್ಯಕರ್ತೆಯಾಗಿ ದುಡಿಯುತ್ತಿರುವ ನಾನು, ನಮ್ಮ ವೃತ್ತಿಯವರಿಗೆ ಫೋನಿನ ಮೂಲಕ ಮೇಲ್ವಿಚಾರಣೆ ಹಾಗೂ ಕೇಳಿ ಕಲಿಯುವ ಧ್ವನಿಪಾಠಗಳು ಕನ್ನಡದಲ್ಲಿ ದೊರೆಯಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಮೇಲ್ವಿಚಾರಣೆ ಎಂದರೆ ನಮ್ಮಲ್ಲಿ ತಪಾಸಣೆ ಎಂದೇ ಆಗಿಬಿಟ್ಟಿದೆ. ಎಷ್ಟು ಮನೆಗಳಿಗೆ ಹೋದಿರಿ, ಎಷ್ಟು ಅರ್ಜಿ ಬರೆಸಿದಿರಿ, ವರದಿ ಏಕೆ ತಡವಾಯಿತು ಎಂಬಲ್ಲಿಗೆ ಅದು ಮುಗಿಯುತ್ತದೆ. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ) ತರಗತಿಯಲ್ಲಿ ನಾವೆಲ್ಲ ಓದಿದ್ದು ಆಡಳಿತ, ಕಲಿಕೆ, ಆಸರೆ ಎಂಬ ಮೂರು ಹೊಣೆಗಳ ಮೇಲ್ವಿಚಾರಣೆಯನ್ನು; ಕೆಲಸಕ್ಕೆ ಸೇರಿದ ಮೇಲೆ ಕಂಡದ್ದು ಮೊದಲನೆಯದನ್ನು ಮಾತ್ರ.

ಗೇರುತೋಟಗಳ ಮೇಲೆ 2000ನೇ ಇಸವಿಯವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಊರುಗಳಲ್ಲಿ ಮಲಗಿದಲ್ಲೇ ಬೆಳೆದ ಮಕ್ಕಳು ಈಗ ಮೂವತ್ತರ ಹತ್ತಿರ ಬಂದಿದ್ದಾರೆ, ಅವರನ್ನು ಎತ್ತಿ ಮೀಯಿಸುವ ತಾಯಂದಿರಿಗೆ ಸೊಂಟ ನೆಟ್ಟಗೆ ನಿಲ್ಲುವುದಿಲ್ಲ. ಹಾಗೊಂದು ಮನೆಯಲ್ಲಿ ತಾಯಿ ಮಗನ ಬಾಯಿಗೆ ಗಂಜಿ ಇಡುತ್ತ, ನನ್ನ ಮುಖ ನೋಡದೆಯೇ, "ಎನ್ನ ಬೊಕ್ಕ ಏರ್ ತೂಪೆರ್?" ಎಂದು ತುಳುವಿನಲ್ಲಿ ಕೇಳಿದರು. ತನ್ನ ನಂತರ ಇವನನ್ನು ನೋಡಿಕೊಳ್ಳುವವರು ಯಾರು ಎಂಬ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗುಡ್ಡೆ ಇಳಿದು ಬಸ್ಸಿಗೆ ಕಾಯುತ್ತಿದ್ದಾಗ ಸಂಸ್ಥೆಯಿಂದ ಕರೆ ಬಂತು. ಆ ದಿನದ ಭೇಟಿಗಳ ಸಂಖ್ಯೆಯನ್ನು ಕೇಳಿ ಬರೆದುಕೊಂಡು ಅವರು ಫೋನ್ ಇಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದನ್ನು ಹೇಳಿಕೊಳ್ಳಲು ಕೆಲಸದ ವಲಯದಲ್ಲಿ ಒಬ್ಬರೂ ಇರಲಿಲ್ಲ.

ಈಚೆಗೆ ಎರಡು ವರ್ಷಗಳಿಂದ, ನಿವೃತ್ತರಾದ ನಮ್ಮ ಹಿರಿಯ ಮೇಡಂ ಒಬ್ಬರು ತಿಂಗಳಿಗೆರಡು ಶನಿವಾರ ಒಂದೊಂದು ಗಂಟೆ ಫೋನಿನಲ್ಲಿ ನನ್ನೊಡನೆ ಕೇಸುಗಳ ಕುರಿತು ಮಾತನಾಡುತ್ತಿದ್ದಾರೆ. "ಆ ತಾಯಿ ನಿನ್ನಿಂದ ಉತ್ತರ ಕೇಳಿದ್ದೋ, ಅಥವಾ ಜೊತೆಗೆ ಕೂತುಕೊಳ್ಳುವುದನ್ನೋ?" ಎಂದು ಅವರು ಕೇಳಿದ ಮೇಲೆ ಆ ಮನೆಗೆ ನಾನು ಹೋಗುವ ರೀತಿಯೇ ಬದಲಾಯಿತು, ಚೀಲದಿಂದ ಫಾರ್ಮು ತೆಗೆಯುವ ಮೊದಲು ಈಗ ಕಾಲು ಗಂಟೆ ಸುಮ್ಮನೆ ಕೂರುತ್ತೇನೆ. ಎದುರು ಕುಳಿತು ಆಡುವ ಮಾತಿಗೆ ಫೋನು ಪೂರ್ತಿ ಸಮನಲ್ಲವೆಂಬುದು ನಿಜ, ಆದರೂ ಬಸ್ಸಿನಲ್ಲಿ ಅರ್ಧ ದಿನ ಕಳೆದು ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲಾಗದವರಿಗೆ ಇದು ಬಹಳ ದೊಡ್ಡದು.

ನಮ್ಮ ತರಬೇತಿಗಳೆಲ್ಲ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯುತ್ತವೆ. ಮಲಯಾಳದ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ, ಕಚೇರಿಯ ಕೆಲಸವನ್ನು ಅದರಲ್ಲೇ ಮಾಡುತ್ತೇನೆ. ಆದರೆ ಅಲ್ಲಿ 'ವಿಷಾದರೋಗ' (ಖಿನ್ನತೆ) ಎಂದು ಕಲಿತದ್ದನ್ನು ಪೆರ್ಲದ ಆಚೆಯ ಮನೆಯಲ್ಲಿ 'ಬೇಜಾರಾಪುಂಡು' ಎನ್ನುವ ಒಂದೇ ತುಳು ಮಾತಿನಿಂದ ಗುರುತಿಸಬೇಕಾಗುತ್ತದೆ, ದಣಿವಿನ ಬೇಜಾರು ಯಾವುದು, ಬದುಕೇ ಬೇಡವೆನ್ನಿಸುವ ಬೇಜಾರು ಯಾವುದು ಎಂದು ಬಿಡಿಸಿ ಕೇಳುವುದನ್ನು ಯಾರೂ ನಮಗೆ ನಮ್ಮ ಭಾಷೆಯಲ್ಲಿ ಕಲಿಸಿಲ್ಲ.

ಧ್ವನಿಪಾಠಗಳಿಂದ ಆಗಬಹುದಾದ ಉಪಕಾರ ಇಲ್ಲಿದೆ. ಹತ್ತು ನಿಮಿಷದ ಮಾತಿನ ಧ್ವನಿಮುದ್ರಣ ಸುಮಾರು 2.5 ಎಂಬಿಯಲ್ಲಿ ಅಡಗುತ್ತದೆ, ವೀಡಿಯೊ ತೆರೆಯದ ಕಣಿವೆಗಳಲ್ಲೂ ಬೆಳಿಗ್ಗೆ ಪೇಟೆಯಲ್ಲಿ ಇಳಿಸಿಕೊಂಡದ್ದನ್ನು ದಾರಿಯಲ್ಲಿ ಕೇಳಬಹುದು. ಮಾತು ಹೇಗೆ ಆರಂಭಿಸಬೇಕು, ಎಲ್ಲಿ ಮೌನವಾಗಿರಬೇಕು ಎಂಬುದು ಓದುವುದಕ್ಕಿಂತ ಕಿವಿಯಿಂದಲೇ ಚೆನ್ನಾಗಿ ಹಿಡಿಯುತ್ತದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ, ಮಂಗಳೂರಿನಲ್ಲಿ 1960ರಿಂದ ಸಮಾಜಕಾರ್ಯ ಕಲಿಸುತ್ತಿರುವ ರೋಶನಿ ನಿಲಯವಿದೆ. ಇವೆರಡೂ ಕೈಜೋಡಿಸಿದರೆ ಕನ್ನಡ ಮತ್ತು ತುಳುವಿನಲ್ಲಿ ಇಂಥ ಪಾಠಗಳನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ಕುಟುಂಬದ ಹೆಸರು, ವಾರ್ಡು ಎಲ್ಲವನ್ನೂ ಹೇಳಿ ಧ್ವನಿಸಂದೇಶ ಕಳಿಸುವುದನ್ನು ನಾನು ಕೇಳಿದ್ದೇನೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಹೊರಬೀಳದಂತೆ 2012ರ ಪೋಕ್ಸೊ ಕಾಯ್ದೆಯೇ ಕಟ್ಟುನಿಟ್ಟು ಮಾಡಿದೆ. ನಮ್ಮ ಊರುಗಳಲ್ಲಿ ಮನೆಯ ಹೆಸರೊಂದು ಕಿವಿಗೆ ಬಿದ್ದರೂ ಯಾರೆಂದು ತಿಳಿಯುತ್ತದೆ, ಆದ್ದರಿಂದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಸಿನ ಮಾತು ಬೇಡ, ಬಾಗಿಲು ಹಾಕಿದ ಕೋಣೆಯಲ್ಲೇ ಆಗಲಿ.

ಅದಕ್ಕಾಗಿಯೇ ಫೋನಿನ ಮೇಲ್ವಿಚಾರಣೆಯ ಆ ಒಂದು ಗಂಟೆಯನ್ನು ಕೆಲಸದ ಸಮಯವೆಂದು ಹಾಜರಿಯಲ್ಲಿ ದಾಖಲಿಸಿಕೊಡುವಂತೆ ಸಂಬಂಧಪಟ್ಟ ಇಲಾಖೆಗಳಲ್ಲೂ ಸಂಸ್ಥೆಗಳಲ್ಲೂ ಈ ಅಂಕಣದ ಮೂಲಕ ವಿನಂತಿಸುತ್ತೇನೆ.

– ಓರ್ವ ಸಮಾಜ ಕಾರ್ಯಕರ್ತೆ, ಪೆರ್ಲ, ಕಾಸರಗೋಡು ಜಿಲ್ಲೆ