ಕೊಲಂಬಸ್‌ನಿಂದ ಚಿಕ್ಕಮ್ಮನಿಗೆ

ಪ್ರೀತಿಯ ಚಿಕ್ಕಮ್ಮನಿಗೆ,

ನಮಸ್ಕಾರಗಳು. ನಾವಿಬ್ಬರೂ ಆರಾಮವಾಗಿದ್ದೇವೆ. ನಿಮ್ಮ ಮೊಣಕಾಲು ನೋವು ಹೇಗಿದೆ? ಶಾಲೆ ಶುರುವಾದ ಮೇಲೆ ಬಿಸಿಯೂಟದ ಅಡುಗೆಯ ಆ ದೊಡ್ಡ ಪಾತ್ರೆ ಮತ್ತೆ ನೀವೇ ಇಳಿಸುತ್ತಿದ್ದೀರಂತೆ. ಅಮ್ಮ ಹೇಳಿದರು.

ಅಮೆರಿಕದಲ್ಲೂ ಬಿಸಿಯೂಟ ಇದೆಯಾ ಅಂತ ಕೇಳಿದ್ರಲ್ಲ. ಇದೆ. ಬೇಸಿಗೆ ರಜೆಯಲ್ಲೂ ಇದೆ. ಶಾಲೆಯ ಊಟವನ್ನೇ ನಂಬಿದ ಮಕ್ಕಳು ರಜೆಯಲ್ಲಿ ಏನು ತಿನ್ನಬೇಕು ಹೇಳಿ? ಅದಕ್ಕೇ ಬಡವರು ಜಾಸ್ತಿ ಇರುವ ಕಡೆ ಲೈಬ್ರರಿ, ಪಾರ್ಕು, ಚರ್ಚುಗಳಲ್ಲಿ ಮಧ್ಯಾಹ್ನ ಊಟ ಕೊಡುತ್ತಾರೆ. ದುಡ್ಡು ಕೇಂದ್ರದ ಕೃಷಿ ಇಲಾಖೆಯದು. 1968ರಲ್ಲಿ ಸಣ್ಣದಾಗಿ ಶುರುವಾದ ಯೋಜನೆ. 18 ವರ್ಷದವರೆಗಿನ ಯಾವ ಮಗು ಬಂದರೂ ಊಟ ಉಂಟು, ಗುರುತಿನ ಚೀಟಿ ಏನೂ ಬೇಡ.

ನನ್ನ ವೀಸಾದಲ್ಲಿ ಸಂಬಳದ ಕೆಲಸ ಮಾಡುವ ಹಾಗಿಲ್ಲ. ಹಾಗಾಗಿ ನಮ್ಮ ಹತ್ತಿರದ ಲೈಬ್ರರಿಯಲ್ಲಿ ಬಡಿಸೋಕೆ ಹೋಗುತ್ತೇನೆ. ಅಡುಗೆ ಅಲ್ಲಿ ಮಾಡುವುದಿಲ್ಲ, ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ. ನಿಮ್ಮಲ್ಲಿ ಮೇಷ್ಟ್ರು ಮೊದಲು ರುಚಿ ನೋಡುತ್ತಾರಲ್ಲ, ಇಲ್ಲಿ ಮೊದಲು ಥರ್ಮಾಮೀಟರ್ ಚುಚ್ಚಿ ನೋಡುತ್ತಾರೆ. ಬಿಸಿ ಊಟ 57 ಡಿಗ್ರಿಗಿಂತ ಕೆಳಗಿರಬಾರದು.

ಟೇಬಲ್ ಒರೆಸುವುದು, ಹಾಲಿನ ಡಬ್ಬಿ ಬಿಚ್ಚಿಕೊಡುವುದು, ಮಕ್ಕಳನ್ನು ಮಾತಾಡಿಸುವುದು ನಮ್ಮಂಥವರ ಪಾಲು. ಈ ಊರಿನಲ್ಲಿ ಸೊಮಾಲಿಯಾದವರು ಬಹಳ. ಅವರ ಪೈಕಿ ಒಬ್ಬ ಕಾಲೇಜು ಹುಡುಗಿ ಬಾಗಿಲಲ್ಲೇ ನಿಂತು, ಊಟದಲ್ಲಿ ಹಂದಿ ಮಾಂಸ ಇಲ್ಲ ಅಂತ ತಾಯಂದಿರಿಗೆ ಅವರ ಮಾತಿನಲ್ಲೇ ಹೇಳುತ್ತಾಳೆ. ಅವಳು ಬಂದ ದಿನ ಮಕ್ಕಳು ಜಾಸ್ತಿ.

ಆದರೆ ಎಲ್ಲದಕ್ಕೂ ಹೊಣೆ ಹೊರುವವರು ಒಬ್ಬರೇ, ಮೇಲ್ವಿಚಾರಕಿ. ಅವರಿಗೆ ತರಬೇತಿ ಆಗಿರಲೇಬೇಕು. ಊಟ ಮುಗಿಯುವವರೆಗೆ ಜಾಗ ಬಿಟ್ಟು ಕದಲುವ ಹಾಗಿಲ್ಲ. ಹಾಲು, ಹಣ್ಣು ಅಥವಾ ತರಕಾರಿ, ಬ್ರೆಡ್ಡಿನಂಥದ್ದು, ಮಾಂಸ ಅಥವಾ ಕಾಳು, ಇಷ್ಟೂ ಮಗುವಿನ ಕೈಗೆ ಸೇರಿದ ಮೇಲೆಯೇ ಹಾಳೆಯಲ್ಲಿ ಒಂದು ಗೀಟು. ಆ ಗೀಟಿನ ಲೆಕ್ಕದ ಮೇಲೆಯೇ ಸರ್ಕಾರದ ದುಡ್ಡು ಬರುವುದು. ನಮ್ಮ ಮೇಲ್ವಿಚಾರಕಿಗೆ ಸಂಬಳ ಇದೆ. ನನಗೆ ಅದು ತುಂಬಾ ಸರಿ ಅನ್ನಿಸುತ್ತದೆ. ನನ್ನ ಮನೆಗೆ ನೆಂಟರು ಬಂದರೆ ನಾನು ಹೋಗದಿದ್ದರೂ ನಡೆಯುತ್ತದೆ. ಅವರು ಬರದಿದ್ದರೆ ಊಟವೇ ಇಲ್ಲ.

ಅಲ್ಲಿ ನಿಂತಾಗ ನೀವೇ ನೆನಪಾಗುತ್ತೀರಿ ಚಿಕ್ಕಮ್ಮ. 25 ಮಕ್ಕಳವರೆಗೆ ಅಡುಗೆಗೆ ಒಬ್ಬರು, 100ರವರೆಗೆ ಇಬ್ಬರು ಅಂತ ನಿಮ್ಮಲ್ಲಿಯ ಲೆಕ್ಕ. ಜೊತೆಯವರು ರಜಾ ಹಾಕಿದರೆ ಬೇಳೆ, ಅನ್ನ, ಹಾಲು, ಪಾತ್ರೆ ಎಲ್ಲಾ ನಿಮ್ಮ ತಲೆ ಮೇಲೆ. ಇಷ್ಟಾದರೂ ಕೈಗೆ ಬರುವುದು ಗೌರವಧನ. ಮಕ್ಕಳ ಸೇವೆ, ಪುಣ್ಯದ ಕೆಲಸ ಅಂತ ಊರವರು ಹೇಳುತ್ತಾರೆ. ನಾನು ಮಾಡುತ್ತಿರುವುದು ಸೇವೆ, ಒಪ್ಪುತ್ತೇನೆ. ನಿಮ್ಮದು ದುಡಿಮೆ. ಅದಕ್ಕೆ ಸಂಬಳ ಕೇಳುವುದರಲ್ಲಿ ತಪ್ಪೇನಿಲ್ಲ.

ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಿಮ್ಮವರು ಮತ್ತೆ ಧರಣಿ ಕೂತರೆ ನೀವೂ ಹೋಗಿ. ಚಿಕ್ಕಪ್ಪನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಬಸ್ಸಂತೂ ಫ್ರೀ ಇದೆ ಅಲ್ವಾ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ನಿಮ್ಮ ಮಗಳು