ಪ್ರೀಮಿಯಂ ಇಕಾನಮಿ: ಯಾವ ಊರಿನಿಂದ, ಯಾವ ವಿಮಾನದಲ್ಲಿ ಎಂದು ಬರೆದು ಕೊಡಿ

ಮಾನ್ಯರೆ,

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಅಮೆರಿಕ, ಇಂಗ್ಲೆಂಡಿಗೆ ಹೊರಡುವ ಹಿರಿಯರು ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಈಗ ಕಮ್ಮಿಯೇನಿಲ್ಲ. ಗಲ್ಫಿನ ನಾಲ್ಕು ಗಂಟೆಯ ಹಾರಾಟ ಈ ಜಿಲ್ಲೆಗೆ ಬಸ್ಸು ಹತ್ತಿ ಇಳಿದಷ್ಟು ಸಲೀಸು. ದುಬೈ ದಾಟಿ ಅಮೆರಿಕಕ್ಕೆ ಮತ್ತೆ 14–16 ಗಂಟೆ ಕೂರುವುದು ಬೇರೆಯೇ ಸಂಗತಿ. ಹಾಗಾಗಿ “ಅಪ್ಪ ಅಮ್ಮನಿಗೆ ಪ್ರೀಮಿಯಂ ಇಕಾನಮಿ ಮಾಡಿಸಿ” ಎಂದು ಮಕ್ಕಳು ಅಲ್ಲಿಂದ ಫೋನು ಮಾಡುತ್ತಾರೆ. ಅದು ಮಾಮೂಲಿ ಇಕಾನಮಿಗೂ ಬಿಸಿನೆಸ್ ಕ್ಲಾಸಿಗೂ ನಡುವಿನ ದರ್ಜೆ. ಇಲ್ಲಿ ಕೌಂಟರಿನಲ್ಲಿ “ಅರ್ಧ ಬಿಸಿನೆಸ್ ಕ್ಲಾಸು” ಎಂಬ ಮಾತಿನೊಂದಿಗೆ ಟಿಕೆಟ್ ಕೈಗೆ ಬರುತ್ತದೆ. ಆ ಸೀಟು ಯಾವ ಊರಿನಿಂದ ಯಾವ ಊರಿನ ತನಕ, ಯಾವ ವಿಮಾನದಲ್ಲಿ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಟಿಕೆಟ್ ಮಾರುವವರು ಇದನ್ನು ಹಂತ ಹಂತವಾಗಿ ರಶೀದಿಯಲ್ಲಿ ಬರೆದು ಕೊಡಬೇಕು ಎಂಬುದೇ ಈ ಪತ್ರದ ಕೋರಿಕೆ. ದೂರು ನಮ್ಮ ವೃತ್ತಿಯವರ ಮೇಲೆಯೇ, ನಾವೂ ಅದರಲ್ಲಿ ಸೇರಿದ್ದೇವೆ.

ಮೊದಲು ಸೀಟಿನ ಲೆಕ್ಕ. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗಿರುವ ಅಂತರಕ್ಕೆ ಪಿಚ್ ಎನ್ನುತ್ತಾರೆ. ದೂರದ ವಿಮಾನಗಳ ಮಾಮೂಲಿ ಇಕಾನಮಿಯಲ್ಲಿ ಇದು 31–32 ಇಂಚು, ಪ್ರೀಮಿಯಂ ಇಕಾನಮಿಯಲ್ಲಿ ಸಾಮಾನ್ಯವಾಗಿ 38, ಎಮಿರೇಟ್ಸ್‌ನ ಎ380 ಮಾದರಿಯ ವಿಮಾನದಲ್ಲಿ 40. ಅಗಲ 17–18 ಇಂಚಿನಿಂದ 19ರ ಆಸುಪಾಸಿಗೆ ಏರುತ್ತದೆ. ಬೆನ್ನು ಇನ್ನಷ್ಟು ಹಿಂದಕ್ಕೆ ಬಾಗುತ್ತದೆ, ಕಾಲಿಗೆ ಆಸರೆ ಇರುತ್ತದೆ, ಊಟ ತುಸು ಮೇಲು. ಅಲ್ಲಿಗೆ ಮುಗಿಯಿತು. ಸೀಟು ಹಾಸಿಗೆಯಾಗುವುದಿಲ್ಲ. ನಿಲ್ದಾಣದ ಲೌಂಜಿನ (ವಿಶ್ರಾಂತಿ ಕೊಠಡಿಯ) ಪ್ರವೇಶ ಬಹುತೇಕ ಕಂಪನಿಗಳಲ್ಲಿ ಸೇರಿರುವುದಿಲ್ಲ. ಅನೇಕ ವಿಮಾನಗಳಲ್ಲಿ ಶೌಚಾಲಯವೂ ಹಿಂದಿನ ಇಕಾನಮಿಯವರೊಂದಿಗೆ ಹಂಚಿಕೆಯದೇ.

ಹೆಸರು ಒಂದೇ ಆದರೂ ಸೀಟು ಒಂದೇ ಅಲ್ಲ. ಏರ್ ಇಂಡಿಯಾದ ಎ350ರಲ್ಲಿ 24 ಪ್ರೀಮಿಯಂ ಇಕಾನಮಿ ಸೀಟುಗಳು 2-4-2ರ ಸಾಲಿನಲ್ಲಿವೆ, ಅಂದರೆ ಎರಡೂ ಕಿಟಕಿಗಳ ಬದಿ ಎರಡೆರಡು, ನಡುವೆ ನಾಲ್ಕು. ಅದೇ ಕಂಪನಿಯ ಸಣ್ಣ ಎ320ರಲ್ಲಿ ಅದೇ ಹೆಸರಿನ ಸೀಟು 3-3ರ ಸಾಲಿನಲ್ಲಿ, ಪಿಚ್ 32 ಇಂಚು. ಅಂದರೆ ದೂರದ ವಿಮಾನದ ಮಾಮೂಲಿ ಇಕಾನಮಿಯಷ್ಟೇ. ಕತಾರ್ ಏರ್‌ವೇಸ್ ಮತ್ತು ಎತಿಹಾದ್‌ನಲ್ಲಿ ಈ ದರ್ಜೆಯೇ ಇಲ್ಲ. ಎತಿಹಾದ್‌ನ ‘ಇಕಾನಮಿ ಸ್ಪೇಸ್’ ಕಾಲಿಗೆ ಹೆಚ್ಚು ಜಾಗವಿರುವ ಇಕಾನಮಿ ಸೀಟು, ಅಷ್ಟೆ. ಎಮಿರೇಟ್ಸ್ ಬೆಂಗಳೂರು ಮತ್ತು ಮುಂಬೈಗೆ ಈ ದರ್ಜೆಯನ್ನು ತಂದದ್ದು 2023ರ ಅಕ್ಟೋಬರಿನಲ್ಲಿ, ಆದರೆ ಅದರ ಎಲ್ಲ ವಿಮಾನಗಳಲ್ಲೂ ಇಲ್ಲ. ಹಾಗಾಗಿ ಕಂಪನಿಯ ಹೆಸರು ಕೇಳಿ ಸುಮ್ಮನಾಗಬೇಡಿ, ವಿಮಾನದ ಮಾದರಿ ಕೇಳಿ, ಸೀಟಿನ ನಕ್ಷೆ ತೆರೆಸಿ ನೋಡಿ. ಎಮಿರೇಟ್ಸ್‌ನ ಎ380ರಲ್ಲಿ ನಿಮಗೆ ತೋರಿಸಿದ ಸಾಲು 3-4-3 ಎಂದಿದ್ದರೆ ಅದು ಇಕಾನಮಿ. ಪ್ರೀಮಿಯಂ ಆಗಿದ್ದರೆ 2-4-2 ಇರುತ್ತದೆ. ಬುಕ್ ಮಾಡುವಾಗ ಒಮ್ಮೆ, ಹೊರಡುವ ತಿಂಗಳ ಮುಂಚೆ ಒಮ್ಮೆ, ಮೂರು ದಿನ ಇರುವಾಗ ಇನ್ನೊಮ್ಮೆ ನಕ್ಷೆ ನೋಡಬೇಕು. ವಿಮಾನ ಬದಲಾದರೆ ಮೊದಲು ಸುಳಿವು ಸಿಗುವುದು ಅಲ್ಲೇ.

ವಿಮಾನ ಬದಲಾಗಿ ನಿಮ್ಮನ್ನು ಇಕಾನಮಿಗೆ ತಳ್ಳಿದರೆ? ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನೀವು ಒಪ್ಪದೆ ದರ್ಜೆ ಇಳಿಸಿದರೆ ತೆರಿಗೆಯೂ ಸೇರಿದ ಟಿಕೆಟ್ ಹಣದಲ್ಲಿ 1,500 ಕಿ.ಮೀ. ತನಕದ ದೂರಕ್ಕೆ ಶೇ 30, 1,500ರಿಂದ 3,500 ಕಿ.ಮೀ.ಗೆ ಶೇ 50, ಅದಕ್ಕೂ ಮೇಲಾದರೆ ಶೇ 75 ಹಿಂದಿರುಗಿಸಬೇಕು. ಬೆಂಗಳೂರು–ದುಬೈ ದೂರಕ್ಕೆ ಶೇ 50, ಬೆಂಗಳೂರು–ಲಂಡನ್ ದೂರಕ್ಕೆ ಶೇ 75. ಎಡವುವುದು ಇಲ್ಲೇ: ಕೌಂಟರಿನಲ್ಲಿ ಒಂದು ಕಾಗದ ಚಾಚಿ ಸಹಿ ಹಾಕಲು ಹೇಳುತ್ತಾರೆ. ಅದರಲ್ಲಿ ‘ಸ್ವಇಚ್ಛೆಯಿಂದ’ ಎಂದಿದ್ದರೆ ಹಕ್ಕು ಹೋಯಿತು. ಓದದೆ ಸಹಿ ಹಾಕಬೇಡಿ. ಮೂಲ ಇ-ಟಿಕೆಟ್ ಮತ್ತು ಹೊಸ ಬೋರ್ಡಿಂಗ್ ಪಾಸ್ ಎರಡೂ ಜೋಪಾನವಿರಲಿ, ಹಣ ಕೇಳುವಾಗ ಸಾಕ್ಷಿ ಅವೇ.

ತೆರಿಗೆಯ ವಿಷಯವನ್ನು ಕೌಂಟರಿನಲ್ಲಿ ಕೊನೆಗೆ ಹೇಳುತ್ತಾರೆ. ಇಕಾನಮಿಗೆ ಜಿಎಸ್‌ಟಿ ಶೇ 5. ಪ್ರೀಮಿಯಂ ಇಕಾನಮಿಯನ್ನು ಬಿಸಿನೆಸ್ ಕ್ಲಾಸಿನ ಪಂಕ್ತಿಯಲ್ಲೇ ಕೂರಿಸಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 18 ಮಾಡಿದ್ದಾರೆ. ಲೌಂಜಿಗೆ ಬಿಸಿನೆಸ್ ಅಲ್ಲ, ತೆರಿಗೆಗೆ ಮಾತ್ರ ಬಿಸಿನೆಸ್! ಒಂದು ಲಕ್ಷ ರೂಪಾಯಿಯ ಮೂಲ ದರಕ್ಕೆ 18,000, ನಾಲ್ವರ ಕುಟುಂಬಕ್ಕೆ 72,000 ರೂಪಾಯಿ ತೆರಿಗೆಗೇ ಬೇಕು.

ಇಡೀ ಕುಟುಂಬವನ್ನು ಅಲ್ಲೇ ಕೂರಿಸಬೇಕೆಂದೇನೂ ಇಲ್ಲ. ಮಂಡಿನೋವಿರುವ ಹಿರಿಯರಿಗೆ ಇದು ಕೊಟ್ಟ ಹಣಕ್ಕೆ ತಕ್ಕ ಸೀಟು. ಮೂರು ನಾಲ್ಕು ವರ್ಷದ ಮಗುವಿಗೆ ಅಲ್ಲ, ಕಾರಣ ಕೈಯಾಸರೆ. ಈ ದರ್ಜೆಯ ಅನೇಕ ಸೀಟುಗಳಲ್ಲಿ ಊಟದ ತಟ್ಟೆ ಇಡುವ ಹಲಗೆ ಕೈಯಾಸರೆಯೊಳಗೆ ಮಡಚಿಕೊಂಡಿರುತ್ತದೆ, ಹಾಗಾಗಿ ಅದು ಗಟ್ಟಿ, ಮೇಲೆತ್ತಲು ಬರುವುದಿಲ್ಲ. ಇಕಾನಮಿಯಲ್ಲಿ ಕೈಯಾಸರೆಗಳನ್ನೆಲ್ಲ ಎತ್ತಿಬಿಟ್ಟರೆ ಮಗು ಅಮ್ಮನ ತೊಡೆ ಮೇಲೆ ತಲೆಯಿಟ್ಟು ಪಕ್ಕದ ಸೀಟಿಗೆ ಕಾಲು ಚಾಚಿ ನಿದ್ದೆಹೋಗುತ್ತದೆ. ಪ್ರೀಮಿಯಂನಲ್ಲಿ ದುಡ್ಡು ಹೆಚ್ಚು ಕೊಟ್ಟು ಮಗುವನ್ನು ರಾತ್ರಿಯಿಡೀ ಕೂರಿಸಿದಂತಾಗುತ್ತದೆ. ಎರಡು ತುಂಬಿದ ಮಕ್ಕಳಿಗೆ ಪೂರ್ತಿ ಸೀಟು ಕೊಳ್ಳಲೇಬೇಕು, ದರದಲ್ಲಿ ರಿಯಾಯಿತಿಯೂ ಹೆಚ್ಚಿರುವುದಿಲ್ಲ.

ಹಾಗೆಂದು ಅಜ್ಜ ಅಜ್ಜಿಯನ್ನು ಮುಂದೆ, ಉಳಿದವರನ್ನು ಹಿಂದೆ ಕೂರಿಸುವುದಾದರೆ ಒಂದು ಮಾತು ಮೊದಲೇ ತಿಳಿದಿರಲಿ: ಪರದೆಯ ಆಚೀಚೆ ಓಡಾಡಲು ಸಿಬ್ಬಂದಿ ಸಾಮಾನ್ಯವಾಗಿ ಬಿಡುವುದಿಲ್ಲ. ಅಜ್ಜಿಯ ಮಾತ್ರೆಯ ಡಬ್ಬಿ ಸೊಸೆಯ ಚೀಲದಲ್ಲಿ ಉಳಿಯಬಾರದು. 12 ವರ್ಷದೊಳಗಿನ ಮಕ್ಕಳಿಗೆ ಅದೇ ಬುಕಿಂಗ್ ಸಂಖ್ಯೆ, ಅಂದರೆ ಪಿಎನ್ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕ ಸೀಟು ಕೊಡಬೇಕೆಂದು ಡಿಜಿಸಿಎ 2024ರ ಏಪ್ರಿಲಿನಲ್ಲಿ ಕಂಪನಿಗಳಿಗೆ ಹೇಳಿದೆ. ಆದ್ದರಿಂದ ಪಿಎನ್ಆರ್ ಒಡೆಯುವಾಗ ಮಕ್ಕಳು ತಂದೆತಾಯಿಯ ಜೊತೆಗೇ ಇರಲಿ. ಹರಾಜಿನಲ್ಲಿ ದರ್ಜೆ ಏರಿಸಿಕೊಳ್ಳುವ ಸೌಲಭ್ಯವೂ ಸಾಮಾನ್ಯವಾಗಿ ಪಿಎನ್ಆರ್‌ನ ಎಲ್ಲರಿಗೂ ಒಟ್ಟಿಗೇ, ಇಬ್ಬರಿಗೆ ಮಾತ್ರ ಎಂದು ಕೇಳಲಾಗದು.

2-4-2ರ ಸಾಲಿನಲ್ಲಿ ದಂಪತಿಗೆ ಕಿಟಕಿ ಬದಿಯ ಜೋಡಿಯೇ ಒಳ್ಳೆಯದು. ರಾತ್ರಿ ಎರಡು ಸಲ ಎದ್ದರೂ ದಾಟಬೇಕಾದ್ದು ಸ್ವಂತ ಗಂಡನನ್ನೋ ಹೆಂಡತಿಯನ್ನೋ, ಗುರುತಿಲ್ಲದವರನ್ನಲ್ಲ. ನಾಲ್ವರಿದ್ದರೆ ಹಿಂದೆ ಮುಂದೆ ಎರಡು ಜೋಡಿ ಹಿಡಿಯಿರಿ. ಮುಂದಿನ ಸೀಟು ಬಾಗಿ ಮಂಡಿಗೆ ಬಡಿದರೆ ಬಾಗಿಸಿದವರು ಮನೆಯವರೇ, ಹೇಳಿ ನೇರ ಮಾಡಿಸಬಹುದು. ಎಲ್ಲರೂ ಕೇಳುವ ಮೊದಲ ಸಾಲು, ಗೋಡೆಗೆ ಎದುರಾದದ್ದು, ನಮ್ಮ ಪ್ರಕಾರ ಅಷ್ಟು ಒಳ್ಳೆಯದಲ್ಲ. ಅಲ್ಲಿ ಟಿವಿ ಪರದೆಯೂ ಕೈಯಾಸರೆಯೊಳಗೇ ಸೇರುವುದರಿಂದ ಸೊಂಟಕ್ಕೆ ಜಾಗ ಕಡಮೆ. ಎದುರು ಸೀಟಿಲ್ಲದ ಕಾರಣ ಏರುವಾಗ, ಇಳಿಯುವಾಗ ಕೈಚೀಲ ಮೇಲಿನ ಕಪಾಟಿಗೇ ಹೋಗಬೇಕು. ತೊಟ್ಟಿಲು ಸಿಕ್ಕಿಸುವುದೂ ಆ ಗೋಡೆಗೇ. ಸುಮಾರು 10–11 ಕಿಲೋ ತನಕದ ಹಸುಗೂಸಿಗೆ ತೊಟ್ಟಿಲು ಸಿಗುತ್ತದೆ, ಆದರೆ ಎಲ್ಲ ಕಂಪನಿಗಳ ಪ್ರೀಮಿಯಂ ವಿಭಾಗದಲ್ಲಿ ಇರುವುದಿಲ್ಲ. ಫೋನು ಮಾಡಿ ಕೇಳಿಯೇ ಹಣ ಕಟ್ಟಿ.

ಐದಡಿಗಿಂತ ಗಿಡ್ಡ ಇರುವ ಅಮ್ಮಂದಿರಿಗೆ ಇನ್ನೊಂದು ತೊಂದರೆ. ಸೀಟು ಆಳವಾಗಿರುವುದರಿಂದ ಬೆನ್ನು ಒರಗಿಸಿದರೆ ಪಾದ ನೆಲಕ್ಕೆ ತಾಗದು, ಪಾದ ಊರಿದರೆ ಬೆನ್ನು ಒರಗದು. ಮುಂದಿನ ಸೀಟಿಗೆ ಅಂಟಿರುವ ಕಾಲುಪಟ್ಟಿ ಆರು ಇಂಚು ದೂರ ಹೋಗಿರುವುದರಿಂದ ಎಟುಕುವುದಿಲ್ಲ. ಎರಡು ಕಂಬಳಿ ಬಿಗಿಯಾಗಿ ಸುತ್ತಿ ಪಾದದಡಿ ಇಟ್ಟರೆ ಸರಿಹೋಗುತ್ತದೆ. ಸ್ವಂತ ಸೀಟಿನಿಂದ ಮೇಲೇಳುವ ಕಾಲಾಸರೆ ಇದ್ದರೆ ಅದರ ಕೆಳಗೆ ಮಾತ್ರ ಏನನ್ನೂ ತುರುಕಬೇಡಿ, ಇಳಿಯುವ ಹೊತ್ತಿಗೆ ಮಡಚದೆ ಸಿಕ್ಕಿಕೊಳ್ಳುತ್ತದೆ. ಮೊಬೈಲು ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದೆ ಮುಂದೆ ಆಡಿಸದೆ ಗಂಟೆ ಒತ್ತಿ ಸಿಬ್ಬಂದಿಯನ್ನು ಕರೆಯಿರಿ. ಒಳಗಿನ ಕಬ್ಬಿಣಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಬೆಂಕಿಯೇ. ಸೀಟು ಎಷ್ಟು ಅಗಲವಾದರೂ ಎದ್ದು ಓಡಾಡದಿದ್ದರೆ ಪ್ರಯೋಜನವಿಲ್ಲ: ನಾಲ್ಕು ಗಂಟೆಗೂ ಹೆಚ್ಚು ಕೂತು ಪ್ರಯಾಣಿಸಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ.

ಇನ್ನು ನಮ್ಮ ಊರಿನ ತೊಡಕು. ಮಂಗಳೂರು, ಕಣ್ಣೂರು ಎರಡರಿಂದಲೂ ಅಮೆರಿಕ, ಯುರೋಪಿಗೆ ನೇರ ವಿಮಾನವಿಲ್ಲ. ಪ್ರೀಮಿಯಂ ಟಿಕೆಟ್ ಕೊಂಡರೂ ಮೊದಲ ಹಂತ ಬಹುಮಟ್ಟಿಗೆ ಸಣ್ಣ ವಿಮಾನದ ಮಾಮೂಲಿ ಸೀಟೇ. ಆ ಹಂತವನ್ನು ಅಗ್ಗವೆಂದು ಬೇರೆ ಟಿಕೆಟಿನಲ್ಲಿ ಮಾಡಿಸಿದರೆ ಲಗೇಜಿನ ಲೆಕ್ಕ ತಪ್ಪುತ್ತದೆ. ಮುಂದಿನ ವಿಮಾನದಲ್ಲಿ 23 ಕಿಲೋದ ಎರಡು ಪೆಟ್ಟಿಗೆಗೆ ಅವಕಾಶವಿದ್ದರೂ ಒಳನಾಡಿನ ಟಿಕೆಟಿಗೆ 15 ಕಿಲೋ ಮಾತ್ರ, ಉಳಿದದ್ದಕ್ಕೆ ಕಿಲೋ ಲೆಕ್ಕದಲ್ಲಿ ಹಣ. ಒಂದೇ ಟಿಕೆಟಿನಲ್ಲಿದ್ದರೆ ದೂರದ ಹಂತದ ತೂಕವೇ ಸಾಮಾನ್ಯವಾಗಿ ಮಂಗಳೂರಿನಿಂದಲೂ ನಡೆಯುತ್ತದೆ. ಬೆಂಗಳೂರಿನಲ್ಲಿ ಇಂಡಿಗೊದ ಒಳನಾಡು ವಿಮಾನ ಹೆಚ್ಚಾಗಿ ಟರ್ಮಿನಲ್ 1ಕ್ಕೆ ಬರುತ್ತದೆ, ವಿದೇಶಕ್ಕೆ ಹೊರಡುವುದು ಟರ್ಮಿನಲ್ 2ರಿಂದ; ನಡುವೆ ಪೆಟ್ಟಿಗೆ ಎಳೆದುಕೊಂಡು ಶಟಲ್ ಬಸ್ಸು ಹಿಡಿಯಬೇಕು. ಮಂಗಳೂರಿನಿಂದ ದುಬೈಗೆ ಬೇರೆ ಟಿಕೆಟಿನಲ್ಲಿ ಹೋಗಿ ಅಲ್ಲಿಂದ ಪ್ರೀಮಿಯಂ ಹತ್ತುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಪೆಟ್ಟಿಗೆ ಪಡೆದು ಮತ್ತೆ ಕೊಡಲು ವಲಸೆ ತಪಾಸಣೆ ದಾಟಿ ಹೊರಬರಬೇಕು, ಅದಕ್ಕೆ ಯುಎಇ ವೀಸಾ ಬೇಕು, ಟರ್ಮಿನಲ್ಲೂ ಬೇರೆ. ಹಿರಿಯರಿಗೆ ಇದು ಬೇಡವೇ ಬೇಡ.

ಮಳೆಗಾಲದಲ್ಲಿ ಗುಡ್ಡದ ನೆತ್ತಿಯ ಮಂಗಳೂರು ನಿಲ್ದಾಣಕ್ಕೆ ಮಂಜು ಕವಿದರೆ ವಿಮಾನ ಬೇರೆಡೆಗೆ ತಿರುಗುತ್ತದೆ. ಘಟ್ಟದಲ್ಲಿ ಗುಡ್ಡ ಜರಿದರೆ ಕಣ್ಣೂರು–ಬೆಂಗಳೂರು ರಾತ್ರಿ ರೈಲೂ ನಿಲ್ಲುತ್ತದೆ, ಶಿರಾಡಿ ಘಾಟಿಯ ರಸ್ತೆಯೂ ಮುಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ದಿನ ಮೊದಲೇ ಬೆಂಗಳೂರು ಸೇರಿಕೊಳ್ಳಿ.

ಊಟದ ಕೋರಿಕೆಯನ್ನು ಕನಿಷ್ಠ 24 ಗಂಟೆ ಮೊದಲೇ ದಾಖಲಿಸಬೇಕು. ‘ಹಿಂದೂ ಮೀಲ್’ ಎಂದು ಕಂಡದ್ದನ್ನು ಸಸ್ಯಾಹಾರವೆಂದು ಒತ್ತಿಬಿಡುವವರಿದ್ದಾರೆ. ಅದು ದನ, ಹಂದಿಯ ಮಾಂಸವಿಲ್ಲದ ಊಟ, ಕೋಳಿಯೋ ಕುರಿಯೋ ಮೀನೋ ಇರಬಹುದು. ಸಸ್ಯಾಹಾರಿಗಳು ಕೇಳಬೇಕಾದ್ದು ಎವಿಎಂಎಲ್ (AVML) ಎಂಬ ಸಂಕೇತದ ಊಟ, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ವಿಜೆಎಂಎಲ್ (VJML), ಅಂದರೆ ಜೈನ ಊಟ. ಮಕ್ಕಳ ಊಟವೂ ತಾನಾಗಿ ಸಸ್ಯಾಹಾರವಲ್ಲ. ಗಾಲಿಕುರ್ಚಿಯನ್ನು 48 ಗಂಟೆ ಮೊದಲೇ ಹೇಳಿ, ಮೆಟ್ಟಿಲು ಹತ್ತಲು ಆಗುತ್ತದೋ ಇಲ್ಲವೋ ಸ್ಪಷ್ಟವಾಗಿ ತಿಳಿಸಿ. ಆಗುತ್ತದೆ ಎಂದು ಬರೆಸಿದರೆ ವಿಮಾನದ ಏಣಿಯನ್ನು ನಡೆದೇ ಹತ್ತಬೇಕಾಗಬಹುದು. ಮಗಳಿಗೆಂದು ನಮ್ಮ ತೆಂಗಿನ ಊರಿನಿಂದ ಒಣಕೊಬ್ಬರಿ ಮಾತ್ರ ಕಟ್ಟಬೇಡಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಿದೆ, ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಏಜೆನ್ಸಿಗಳಿಗೆ ನಮ್ಮ ಕೋರಿಕೆ ನಾಲ್ಕು ಸಾಲಿನದು. ರಶೀದಿಯ ಹಿಂಬದಿಯಲ್ಲಿ ಪ್ರತಿ ಹಂತಕ್ಕೂ ವಿಮಾನದ ಮಾದರಿ, ಸೀಟಿನ ದರ್ಜೆ, ಲಗೇಜಿನ ತೂಕ, ಜಿಎಸ್‌ಟಿ ಮೊತ್ತ ಕನ್ನಡದಲ್ಲಿ ಬರೆದು ಕೊಡಲಿ. ಕಂಪ್ಯೂಟರಿನಲ್ಲಿ ಇವೆಲ್ಲ ಕಾಣುತ್ತವೆ, ಬರೆಯಲು ಐದು ನಿಮಿಷ ಸಾಕು.

– ಟಿಕೆಟ್ ಬುಕಿಂಗ್ ವೃತ್ತಿಯ ಗೆಳೆಯರು, ಬದಿಯಡ್ಕ, ಕಾಸರಗೋಡು ಜಿಲ್ಲೆ