ಮುನ್ನಂದಾಜಿನ ಮಾದರಿಗೆ ಮಾನದಂಡ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ನೀರಿನ ಬೇಡಿಕೆ, ವಾಹನ ದಟ್ಟಣೆ ಮುಂತಾದವುಗಳನ್ನು ಮುನ್ನಂದಾಜಿಸುವ ಗಣಿತದ ಮಾದರಿಯೊಂದು ಹಳೆಯ ಅಂಕಿಅಂಶಗಳಿಗೆ ಚೆನ್ನಾಗಿ ಹೊಂದಿಕೊಂಡಿದೆ ಎಂಬುದನ್ನೇ ಅದರ ಹೆಗ್ಗಳಿಕೆಯೆಂದು ಹೇಳುವುದು ಸರಿಯಲ್ಲ. ನಿಯತಾಂಕಗಳನ್ನು (ಅಂಕಿಅಂಶಗಳಿಗೆ ತಕ್ಕಂತೆ ಹೊಂದಿಸುವ ಸಂಖ್ಯೆಗಳನ್ನು) ಸೇರಿಸುತ್ತ ಹೋದರೆ ಎಂಥ ಮಾದರಿಯೂ ಹೊಂದಿಕೊಳ್ಳುತ್ತದೆ, ಮುಂದಿನ ವರ್ಷದ ಲೆಕ್ಕದಲ್ಲಿ ಮಾತ್ರ ಎಡವುತ್ತದೆ. ಜಪಾನಿನ ಹಿರೊತುಗು ಅಕಾಯಿಕೆ 1970ರ ದಶಕದ ಆರಂಭದಲ್ಲಿ ರೂಪಿಸಿದ ಎಐಸಿ (ಅಕಾಯಿಕೆ ಮಾಹಿತಿ ಮಾನದಂಡ) ಕಡಿಮೆ ಅಂಕದ ಮಾದರಿಯನ್ನು ಆರಿಸುತ್ತದೆ; ಹೊಂದಿಕೆ ಚೆನ್ನಾಗಿದ್ದಷ್ಟೂ ಅಂಕ ಇಳಿಯುತ್ತದೆ, ಆದರೆ ಪ್ರತಿ ಹೆಚ್ಚುವರಿ ನಿಯತಾಂಕಕ್ಕೆ 2 ಅಂಕಗಳ ದಂಡ ಸೇರುತ್ತದೆ. 1978ರಲ್ಲಿ ಗಿಡಿಯನ್ ಶ್ವಾರ್ಜ್ ಮಂಡಿಸಿದ ಬಿಐಸಿಯಲ್ಲಿ (ಬೇಯೀಸಿಯನ್ ಮಾಹಿತಿ ಮಾನದಂಡ) ಈ ದಂಡವು ವೀಕ್ಷಣೆಗಳ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್‌ನಷ್ಟು ಇರುವುದರಿಂದ, 100 ವೀಕ್ಷಣೆಗಳಿದ್ದಾಗ ಅದು ಸುಮಾರು 4.6ಕ್ಕೇರಿ, ಆಯ್ಕೆಯು ಸರಳ ಮಾದರಿಯತ್ತ ವಾಲುತ್ತದೆ.

ಮುನ್ಸೂಚನೆಯೇ ಗುರಿಯಾದಲ್ಲಿ ಎಐಸಿ ಲೇಸೆಂಬುದು ನನ್ನ ಅಭಿಪ್ರಾಯ. ಬಿಐಸಿಯ ಪರವಾಗಿರುವವರು ಒಪ್ಪಲಾರರು. ಯಾವುದನ್ನೇ ಬಳಸಿದರೂ, ಒಂದೇ ದತ್ತಾಂಶದ ಮೇಲೆ ಕಟ್ಟಿದ ಮಾದರಿಗಳನ್ನು ಮಾತ್ರ ಹೋಲಿಸಬಹುದು. ಅಲ್ಲದೆ ಕಡಿಮೆ ಅಂಕ ಪಡೆದದ್ದು ಒಳ್ಳೆಯ ಮಾದರಿಯೇ ಆಗಿರಬೇಕೆಂದಿಲ್ಲ, ಕಣದಲ್ಲಿದ್ದವುಗಳಲ್ಲಿ ವಾಸಿ ಎಂದಷ್ಟೇ ಅದರ ಅರ್ಥ. ಆದ್ದರಿಂದ ಸಂಬಂಧಪಟ್ಟ ಇಲಾಖೆಗಳು ತಮ್ಮ ವರದಿಗಳಲ್ಲಿ, ಕೈಬಿಟ್ಟ ಮಾದರಿಗಳನ್ನೂ ಸೇರಿಸಿ, ಪ್ರತಿಯೊಂದರ ನಿಯತಾಂಕಗಳ ಸಂಖ್ಯೆಯನ್ನೂ ಈ ಅಂಕಗಳನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಸಂಖ್ಯಾಶಾಸ್ತ್ರದ ನಿವೃತ್ತ ಅಧ್ಯಾಪಕ, ಮಲ್ಲೇಶ್ವರ, ಬೆಂಗಳೂರು